ಜೆಸಿಬಿಗೂ ಮೊದಲು ಕರಣೆ ಇಳಿಯಲಿ

ಮಾನ್ಯರೆ,

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಮೇಲೆ ಬಂದ ಕಲ್ಲೊಂದು ಇನ್ನೇನು ಮಣ್ಣುಪಾಲಾಗುವುದರಲ್ಲಿತ್ತು. ಅದರ ಮೇಲೆ ಅಕ್ಷರ ಇರುವುದು ಕಣ್ಣಿಗೆ ಬಿತ್ತು. ಓದಿ ನೋಡಿದರೆ ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸಿನದು; ಪೆರ್ಬೊಳಲ್ನಾಡಿನ ಕಾಳಗದಲ್ಲಿ ಮಡಿದ ಕಿತ್ತಯ್ಯನ ವೀರಗಲ್ಲು. ಬೆಂಗಳೂರಿನಲ್ಲಿ ಈವರೆಗೆ ಗೊತ್ತಿರುವ ಕನ್ನಡ ಶಾಸನಗಳಲ್ಲೇ ಹಳೆಯದು. ಈಗ ಅದಕ್ಕೊಂದು ಮಂಟಪವಿದೆ.

ಅಕ್ಷರ ಇದ್ದುದರಿಂದ ಆ ಕಲ್ಲು ಉಳಿಯಿತು. ನೆಲದಡಿ ಇರುವ ಬಹುಪಾಲು ಕುರುಹುಗಳಿಗೆ ಅಕ್ಷರವಿಲ್ಲ. ಮೂರು ಸಾವಿರ ವರ್ಷದ ಹಿಂದಿನ ಗುಡಿಸಲೊಂದು ಇಂದು ಉಳಿದಿರುವುದು ಗೇಣಗಲದ ಕಪ್ಪು ಮಣ್ಣಿನ ಕಲೆಗಳಾಗಿ. ಅವು ಕಂಬ ನೆಟ್ಟಿದ್ದ ಕುಳಿಗಳು. ಅಂಥ ಏಳೆಂಟು ಕಲೆಗಳು ದುಂಡಗೆ ಸುತ್ತುವರಿದಿದ್ದರೆ ಅದು ಮನೆ. ನಡುವೆ ಸುಟ್ಟು ಕೆಂಪಾದ ಮಣ್ಣಿದ್ದರೆ ಅದು ಒಲೆ. ಜೆಸಿಬಿಯ ಹಲ್ಲಿನ ಬಕೆಟ್ ಒಂದು ಸಲ ಎಳೆದರೆ ಎರಡೂ ಹೋದವು. ಇದರಲ್ಲಿ ಆಪರೇಟರ್ ತಪ್ಪೇನೂ ಇಲ್ಲ, ಅವರ ಸೀಟಿನಿಂದ ಅದು ಕಾಣುವುದೇ ಇಲ್ಲ.

ಕಾನೂನು ಈ ವಿಷಯದಲ್ಲಿ ಎರಡು ತುದಿಯಲ್ಲಿ ನಿಂತಿದೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ 1961ರ ಕಾಯ್ದೆಯೂ ಘೋಷಿತ ಸ್ಮಾರಕ, ನೆಲೆಗಳನ್ನೇ ಕಾಯುತ್ತದೆ. ಇನ್ನೊಂದು ತುದಿಯಲ್ಲಿ 1962ರ ನಿಧಿ ನಿಕ್ಷೇಪ ಕಾಯ್ದೆಯಿದೆ. ಸಿಕ್ಕ ಮೇಲೆ ಜಿಲ್ಲಾಧಿಕಾರಿಗೆ ತಿಳಿಸಿ ಎನ್ನುತ್ತದೆ. ಘೋಷಣೆಯೂ ಆಗದ, ಇನ್ನೂ ಸಿಕ್ಕಿಯೂ ಇಲ್ಲದ ನೆಲೆಯನ್ನು ಅಗೆಯುವ ಮೊದಲು ಹುಡುಕುವ ಹೊಣೆ ಇವೆರಡರ ನಡುವೆ ಜಾರಿ ಬೀಳುತ್ತದೆ. ರಸ್ತೆ, ಕಾಲುವೆ, ಕೊಳವೆ ಮಾರ್ಗ, ಸೋಲಾರ್ ಪಾರ್ಕ್ ಎಲ್ಲವೂ ಹಾದುಹೋಗುವುದು ಇಂಥ ನೆಲದ ಮೇಲೆಯೇ.

ಹುಡುಕುವುದು ಕಷ್ಟದ ಕೆಲಸವಲ್ಲ. ಮೊದಲ ಹಂತಕ್ಕೆ ಮೇಜು ಸಾಕು. ಯೋಜನೆಯ ನಕ್ಷೆಯನ್ನು ಗ್ರಾಮನಕ್ಷೆಯ ಮೇಲಿಟ್ಟು, ಹಾದುಹೋಗುವ ಸರ್ವೆ ನಂಬರುಗಳಲ್ಲಿ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮ ಯಾವುದಿದೆ, ‘ಹಾಳೂರು’, ‘ಬೂದಿದಿಬ್ಬ’, ‘ಮೋರ್ಯರ ಗುಡ್ಡ’ದಂಥ ಹೆಸರು ಎಲ್ಲಿದೆ ಎಂದು ನೋಡಬೇಕು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟು ಉಳಿದವು; ಹಂಪಿ ಬಳಿಯ ನಿಂಬಾಪುರದಲ್ಲಿ ಜನ ಅದನ್ನು ವಾಲಿಯ ಚಿತೆ ಎನ್ನುತ್ತಾರೆ. ಊರಿನ ಬಾಯಲ್ಲಿ ಉಳಿದ ಹೆಸರು ಎಷ್ಟೋ ಸಲ ಉಪಗ್ರಹ ಚಿತ್ರಕ್ಕಿಂತ ನೇರವಾಗಿ ಜಾಗ ತೋರಿಸುತ್ತದೆ. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಶಾಸನಗಳು ಊರುವಾರು ದಾಖಲಾಗಿವೆ. ಆ ಪಟ್ಟಿಯನ್ನೂ ಹಿಡಿದು ಹೋಗಬೇಕು.

ಎರಡನೆಯದು ಕಾಲ್ನಡಿಗೆ. ಹೊಲ ಉತ್ತು ಒಂದು ಮಳೆ ಬಿದ್ದ ಮೇಲೆ ಹೋದರೆ ಮಡಕೆ ಚೂರು, ಕಬ್ಬಿಣದ ಕಿಟ್ಟ, ಕಲ್ಲಿನ ಚಕ್ಕೆ ತೊಳೆದಂತೆ ಕಾಣುತ್ತವೆ. ಬೆಳೆ ಎದ್ದು ನಿಂತಾಗ ಹೋದರೆ ವರದಿಯಲ್ಲಿ ‘ಏನೂ ಇಲ್ಲ’ ಎಂದೇ ಬರುತ್ತದೆ. ಹತ್ತಿಪ್ಪತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಡೆದು, ಸಿಕ್ಕ ಜಾಗವನ್ನೆಲ್ಲ ಜಿಪಿಎಸ್‌ನಲ್ಲಿ ಗುರುತು ಹಾಕಬೇಕು.

ಮೂರನೆಯದು ಪರೀಕ್ಷಾ ಕಂದಕ. ಎರಡು ಮೀಟರ್ ಅಗಲ, ಮೂವತ್ತು ಮೀಟರ್ ಉದ್ದದ ಕಂದಕಗಳನ್ನು ಒಟ್ಟು ಜಾಗದ ಶೇ 2ರಿಂದ 5ರಷ್ಟಕ್ಕೆ ತೆಗೆದರೆ ಸಾಮಾನ್ಯವಾಗಿ ಸಾಕು. ಇದಕ್ಕೂ ಯಂತ್ರವೇ ಬೇಕು, ಆದರೆ ಹಲ್ಲಿಲ್ಲದ, ಅಂಚು ನೇರವಾಗಿರುವ ಬಕೆಟ್ ಹಾಕಿ, ಒಂದು ಸಲಕ್ಕೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಕೆರೆಯದೆ, ಪಕ್ಕದಲ್ಲಿ ಒಬ್ಬರು ನಿಂತು ಕೈ ತೋರಿಸುತ್ತಿರಬೇಕು. ಮಣ್ಣಿನ ಬಣ್ಣ ಬದಲಾದ ಕಡೆ ಯಂತ್ರ ನಿಂತು ಕರಣೆ ಶುರುವಾಗುತ್ತದೆ. ಎರೆಭೂಮಿಯಲ್ಲಿ ಒಂದು ಎಚ್ಚರ ಬೇಕು: ಬೇಸಿಗೆಯಲ್ಲಿ ಬಿಡುವ ಬಿರುಕಿನೊಳಗೆ ಮೇಲಿನ ನಾಣ್ಯ, ಮಣಿ ಕೆಳಗಿನ ಪದರಕ್ಕೆ ಇಳಿದಿರುತ್ತವೆ. ಒಂದು ನಾಣ್ಯ ನಂಬಿ ಇಡೀ ಪದರದ ಕಾಲ ಹೇಳಿದರೆ ಎಡವಟ್ಟಾಗುತ್ತದೆ.

ಸಿಕ್ಕ ವಸ್ತುವಿಗಿಂತ ಅದು ಇದ್ದ ಮಣ್ಣು ಮುಖ್ಯ ಎಂಬುದನ್ನು ಸಾರ್ವಜನಿಕರಿಗೆ ನಾವು ಸರಿಯಾಗಿ ಹೇಳಿಲ್ಲ. ಒಲೆಯ ಬೂದಿಯನ್ನು ಇಪ್ಪತ್ತು–ಮೂವತ್ತು ಲೀಟರ್ ತುಂಬಿ ತಂದು, ನೀರಿನಲ್ಲಿ ಕದಡಿ, ತೇಲಿದ್ದನ್ನು ಸಣ್ಣ ಜರಡಿಯಲ್ಲಿ ಹಿಡಿದರೆ ಸುಟ್ಟು ಕರಿದಾದ ಕಾಳುಗಳು ಸಿಗುತ್ತವೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಹೀಗೆ ಸಿಕ್ಕದ್ದು ಹುರುಳಿ, ಹೆಸರು, ಕೊರಲೆ. ಇಂದು ಸಿರಿಧಾನ್ಯ ಮೇಳದಲ್ಲಿ ಕೊಳ್ಳುವ ಕೊರಲೆಯನ್ನು ಇಲ್ಲಿನ ಜನ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆಯೇ ಉಣ್ಣುತ್ತಿದ್ದರು ಎಂಬುದಕ್ಕೆ ಸಾಕ್ಷಿ ಒಂದು ಬಕೆಟ್ ಬೂದಿಯಲ್ಲಿತ್ತು. ಟಿಪ್ಪರಿಗೆ ಅದು ಬರೀ ಫಿಲ್ಲಿಂಗ್ ಮಣ್ಣು.

ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಅಡ್ಡಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಮೆಚ್ಚಬೇಕಾದ ಕೆಲಸ. ಆದರೆ ಪದರಪದರವಾಗಿ ಕೂತ ಮಣ್ಣನ್ನು ಹಾಗೆ ಸರಿಸಲು ಬರುವುದಿಲ್ಲ. ಅದು ಇದ್ದಲ್ಲೇ ಅಗೆದು, ಅಳೆದು, ಬರೆದಿಟ್ಟರಷ್ಟೇ ಉಳಿಯುತ್ತದೆ. ನಾಗಾರ್ಜುನ ಸಾಗರದ ನೀರು ಏರುವ ಮೊದಲು, 1954ರಿಂದ 1960ರವರೆಗೆ, ಭಾರತೀಯ ಪುರಾತತ್ವ ಸರ್ವೇಕ್ಷಣೆ ನಾಗಾರ್ಜುನಕೊಂಡದಲ್ಲಿ ಮಾಡಿದ್ದು ಇದನ್ನೇ. ಇಕ್ಷ್ವಾಕುಗಳ ರಾಜಧಾನಿ ಮುಳುಗಿತು, ಅದರ ದಾಖಲೆ ಉಳಿಯಿತು. ಆಯ್ದ ಕಟ್ಟಡಗಳನ್ನು ಎತ್ತರದ ನೆಲದಲ್ಲಿ ಮತ್ತೆ ಕಟ್ಟಿದರು, ಅಣೆಕಟ್ಟೂ ಮುಗಿಯಿತು.

ಲಂಡನ್ನಿನ ಕ್ರಾಸ್‌ರೈಲ್ ರೈಲುಮಾರ್ಗದ ಕಾಮಗಾರಿಯಲ್ಲಿ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಕೆಳಗೆ ಹಳೆಯ ಮಸಣವಿರುವುದು ಮೊದಲೇ ತಿಳಿದಿತ್ತು. ಹಾಗಾಗಿ 2015ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ವೇಳಾಪಟ್ಟಿಯೊಳಗೇ ತೆಗೆಯಲಾಯಿತು. ಅಲ್ಲಿ ಸಿಕ್ಕ ಹಲ್ಲುಗಳಿಂದ 1665ರ ಪ್ಲೇಗಿನ ರೋಗಾಣುವಿನ ಡಿಎನ್‌ಎ ಪತ್ತೆಯಾಯಿತು. ಸ್ವಯಂಸೇವಕರು ಚರ್ಚಿನ ದಫ್ತರಗಳನ್ನು ಓದಿ ಅಲ್ಲಿ ಹೂತ 5,000ಕ್ಕೂ ಹೆಚ್ಚು ಜನರ ಹೆಸರು ಪಟ್ಟಿ ಮಾಡಿದರು. ಜನ ತಮ್ಮ ಊರಿನ ನೆಲದಡಿಯ ಕೆಲಸದಲ್ಲಿ ಹೀಗೆ ಕೈಜೋಡಿಸುವುದು ನಮಗೆ ತುಂಬ ಮುಖ್ಯವೆನಿಸುತ್ತದೆ.

ಇಲ್ಲಿ ಕೆಲಸ ಕೆಡುವುದು ಎಲ್ಲಿ? ಮೆಟ್ರೊ ಎಂದರೆ ಎಲ್ಲರೂ ಸುರಂಗ ನೆನೆಯುತ್ತಾರೆ. ಸುರಂಗ ಕೊರೆಯುವ ಯಂತ್ರ ಸಾಮಾನ್ಯವಾಗಿ ಜನವಸತಿಯ ಪದರಗಳ ಎಷ್ಟೋ ಕೆಳಗೆ ಹೋಗುತ್ತದೆ. ಹಾನಿಯಾಗುವುದು ನಿಲ್ದಾಣದ ಗುಂಡಿಯಲ್ಲಿ, ಅದಕ್ಕೂ ಮೊದಲು ನೀರು, ಒಳಚರಂಡಿ, ಕೇಬಲ್ ಸ್ಥಳಾಂತರದಲ್ಲಿ. ಸ್ಥಳಾಂತರದ ಕೆಲಸ ಎಷ್ಟೋ ಕಡೆ ಬೇರೆ ಗುತ್ತಿಗೆದಾರರದು, ರಾತ್ರಿಯದು, ಆಗ ನೋಡುವವರೇ ಇರುವುದಿಲ್ಲ. ಜೊತೆಗೆ ಭಯ: ಏನಾದರೂ ಸಿಕ್ಕಿತೆಂದು ಹೇಳಿದರೆ ಕೆಲಸ ನಿಲ್ಲುತ್ತದೆ, ಯಂತ್ರದ ಬಾಡಿಗೆ ಮೈಮೇಲೆ ಬರುತ್ತದೆ. ಹೀಗಾಗಿ ಸಿಕ್ಕಿದ್ದು ಸದ್ದಿಲ್ಲದೆ ಟಿಪ್ಪರ್ ಏರುತ್ತದೆ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ ರೂಪಿಸಿದ ಮಾದರಿ ಒಪ್ಪಂದದಲ್ಲಿ ಇದಕ್ಕೆ ಪರಿಹಾರವಿದೆ. ಗುತ್ತಿಗೆದಾರ ತಕ್ಷಣ ತಿಳಿಸಿದರೆ, ನಿಂತ ದಿನಗಳಿಗೆ ಅವಧಿ ವಿಸ್ತರಣೆಯೂ ತಗಲಿದ ವೆಚ್ಚವೂ ಸಿಗುತ್ತದೆ. ಸಣ್ಣ ಕಾಮಗಾರಿಗಳ ಟೆಂಡರಿಗೂ ಈ ಕಲಮು ಬರಬೇಕು.

ಸಮಯದ ನೆಪ ನಿಲ್ಲುವುದಿಲ್ಲ. ಭೂಸ್ವಾಧೀನದ ಅಧಿಸೂಚನೆಗೂ ಜಾಗ ಕೈಗೆ ಬರುವುದಕ್ಕೂ ನಡುವೆ ತಿಂಗಳುಗಟ್ಟಲೆ ಬಿಡುವಿರುತ್ತದೆ. ಮೊದಲೆರಡು ಹಂತ ಆಗಲೇ ಮುಗಿಸಬಹುದು, ಕಂದಕಕ್ಕೆ ಜಮೀನಿನವರ ಒಪ್ಪಿಗೆ ಪಡೆದರೆ ಸರಿ. ಮಣ್ಣು ಪರೀಕ್ಷೆಗೆ ಹೇಗೂ ಬೋರ್ ಹಾಕುತ್ತಾರೆ. ತೆಗೆದ ಮಣ್ಣಿನ ಪೆಟ್ಟಿಗೆಗಳನ್ನು ಎಸೆಯುವ ಮೊದಲು ಪುರಾತತ್ವದವರಿಗೆ ಒಂದು ದಿನ ತೋರಿಸಿದರೆ ಖರ್ಚೇ ಇಲ್ಲ. ಲಾಭ ಎಂಜಿನಿಯರಿಗೂ ಇದೆ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲೇ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಹೀಗೆ ತುಂಬಿದ ಕೆರೆ, ಬಾವಿ, ಕಂದಕ ಎಲ್ಲೆಲ್ಲಿ ಇದ್ದವೆಂದು ಮೊದಲೇ ತಿಳಿದರೆ ಅಡಿಪಾಯ ಕುಸಿಯುವ ಅಪಾಯವೂ ಮೊದಲೇ ತಿಳಿಯುತ್ತದೆ.

ಮನಸ್ಸಿದ್ದ ಎಂಜಿನಿಯರಿಗೂ ದರಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಬಿಲ್ ಮಾಡಲು ಬರುವುದಿಲ್ಲ. ಲೋಕೋಪಯೋಗಿ ಇಲಾಖೆ ಮುಂದಿನ ಸಲ ದರಪಟ್ಟಿ ಪರಿಷ್ಕರಿಸುವಾಗ ನಾಲ್ಕು ಐಟಂ ಸೇರಿಸಲಿ: ಕಿಲೋಮೀಟರ್ ಲೆಕ್ಕದಲ್ಲಿ ಪುರಾತತ್ವ ಸಮೀಕ್ಷೆ, ಘನಮೀಟರ್ ಲೆಕ್ಕದಲ್ಲಿ ಪರೀಕ್ಷಾ ಕಂದಕ, ದಿನದ ಲೆಕ್ಕದಲ್ಲಿ ಅಗೆತದ ವೀಕ್ಷಣೆ, ಜೊತೆಗೆ ಕನ್ನಡದಲ್ಲಿ ವರದಿ ಮುದ್ರಿಸಿ ಆಯಾ ಗ್ರಾಮ ಪಂಚಾಯಿತಿಗೆ, ಶಾಲೆಗೆ ತಲುಪಿಸುವ ವೆಚ್ಚ.

–ಕ್ಷೇತ್ರ ಪುರಾತತ್ವ ಕಾರ್ಯಕರ್ತರು, ಬಳ್ಳಾರಿ