ಬ್ರೇಡಿಗೆ ಲೀಡರ್ ಕಟ್ಟುವ ಬಗ್ಗೆ ಪುಟ್ಟನಿಗೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರವೂ ಅದರ ಜೊತೆಗಿದ್ದ ಫೋಟೊವೂ ಸಿಕ್ಕಿದವು. ದೋಣಿಯ ಪಕ್ಕದವರೆಗೆ ಬಂದ ಬಾಸ್ ಮೀನು ಕೈತಪ್ಪಿ ಹೋದರೆ ಹೊಟ್ಟೆ ಉರಿಯುವುದು ಸಹಜ. ಆದರೆ ದಾರ ತುಂಡಾಯಿತು, ಮುಂದಿನ ಸಲ ಇನ್ನೂ ದಪ್ಪದ ಲೀಡರ್ (ರೀಲಿನ ಮುಖ್ಯ ದಾರವಾದ ಬ್ರೇಡಿಗೂ ಕೊಕ್ಕೆಗೂ ನಡುವೆ ಕಟ್ಟುವ ತುಂಡು ದಾರ) ಕಟ್ಟುತ್ತೇನೆ ಅಂತ ಬರೆದಿದ್ದೀಯಲ್ಲ, ಸ್ವಲ್ಪ ತಾಳು. ಫೋಟೊ ದೊಡ್ಡದು ಮಾಡಿ ನೋಡಿದೆ. ಫ್ಲೋರೋಕಾರ್ಬನ್ ಲೀಡರಿನ ತುದಿ ಸುರುಳಿ ಸುರುಳಿಯಾಗಿ ಮುರುಟಿಕೊಂಡಿದೆ. ತುಂಡಾದ ದಾರದ ತುದಿ ಹಾಗಿರುವುದಿಲ್ಲ. ಗಂಟಿನೊಳಗಿಂದ ಜಾರಿ ಆಚೆ ಬಂದ ತುದಿ ಹಾಗಾಗುತ್ತದೆ. ಅಂದರೆ ನಿನ್ನ ಲೀಡರಿಗೆ ಶಕ್ತಿ ಸಾಲದೇ ಹೋಗಿದ್ದಲ್ಲ, ಗಂಟು ಹಿಡಿದುಕೊಳ್ಳಲಿಲ್ಲ. ದಪ್ಪದ ಲೀಡರ್ ಕಟ್ಟಿದ್ದರೂ ಅದೇ ಆಗುತ್ತಿತ್ತು.

ಇನ್ನು ಮೇಲೆ ಮೀನು ತಪ್ಪಿದಾಗಲೆಲ್ಲ ಮೊದಲು ತುದಿ ನೋಡು. ಸುರುಳಿ ಇದ್ದರೆ ಜಾರಿದೆ. ಚೂಪಾಗಿ ಕೊಯ್ದ ಹಾಗಿದ್ದರೆ ಕಲ್ಲೋ ಚಿಪ್ಪೋ ತಗುಲಿದೆ. ತುದಿಯ ಹಿಂದೆ ಒಂದು ಗೇಣು ಉದ್ದಕ್ಕೂ ದಾರ ಬಿಳಿಚಿಕೊಂಡು ಒರಟಾಗಿದ್ದರೆ ಉಜ್ಜಿ ಉಜ್ಜಿ ಸವೆದು ಹೋಗಿದೆ. ಇವು ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ ಬೇರೆ.

ಬ್ರೇಡ್, ಫ್ಲೋರೋಕಾರ್ಬನ್ ಇವೆರಡು ದಾರ ಯಾಕೆ ಸುಲಭಕ್ಕೆ ಒಂದಕ್ಕೊಂದು ಹೊಂದುವುದಿಲ್ಲ ಅಂತ ಗೊತ್ತಿದ್ದರೆ ಗಂಟಿನ ಅರ್ಧ ಕಷ್ಟ ಕಳೆದ ಹಾಗೆ. ಬ್ರೇಡ್ ಅಂದರೆ ಪಾಲಿಎಥಿಲೀನ್ ಎಳೆಗಳನ್ನು ಹೆಣೆದದ್ದು. ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಮೈ ನುಣುಪು, ತೂಕ ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ತೇಲುತ್ತದೆ. 10 ಪೌಂಡ್ ಭಾರ ತಡೆಯುವ ಬ್ರೇಡ್ ನೋಡಲು ಹತ್ತಿರ ಹತ್ತಿರ 2 ಪೌಂಡಿನ ನೈಲಾನ್ ದಾರದಷ್ಟೇ ತೆಳ್ಳಗಿರುತ್ತದೆ. ಫ್ಲೋರೋಕಾರ್ಬನ್ ಇದಕ್ಕೆ ತದ್ವಿರುದ್ಧ. ಒಂಟಿ ಎಳೆ, ಗಟ್ಟಿ, ಬಾಗಿಸಿದರೆ ಮತ್ತೆ ನೆಟ್ಟಗಾಗಲು ನೋಡುತ್ತದೆ, ನೀರಿಗಿಂತ ಸುಮಾರು 1.8 ಪಟ್ಟು ಭಾರ. ಜಪಾನಿನ ಕುರೇಹ ಕಂಪನಿ 1971ರಲ್ಲಿ ಇದನ್ನು ಮೀನು ಹಿಡಿಯುವ ದಾರವಾಗಿ ತಂದಿತು. ತೆಳ್ಳಗಿನ, ಜಾರುವ ದಾರವೊಂದು ದಪ್ಪಗಿನ, ಬಿರುಸಾದ ದಾರವನ್ನು ಹಿಡಿದುಕೊಳ್ಳಬೇಕು. ಹಿಡಿತ ಸಡಿಲವಾದರೆ ಬ್ರೇಡ್ ಜಾರುತ್ತದೆ. ಒಂದೇ ಜಾಗದಲ್ಲಿ ಒತ್ತಡ ಜಾಸ್ತಿಯಾದರೆ ಅದೇ ಬ್ರೇಡ್ ಲೀಡರಿನ ಮೈ ಕೊಯ್ಯುತ್ತದೆ. ಒಳ್ಳೆಯ ಗಂಟು ಒತ್ತಡವನ್ನು ಉದ್ದಕ್ಕೆ ಹಂಚುತ್ತದೆ.

ಲೀಡರ್ ಮೀನಿಗೆ ಕಾಣುವುದೇ ಇಲ್ಲ ಅನ್ನುವ ಮಾತನ್ನು ಪೂರ್ತಿ ನಂಬಬೇಡ. ಬೆಳಕು ಬಾಗುವ ಲೆಕ್ಕದಲ್ಲಿ ನೀರಿನದು 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು ಸುಮಾರು 1.53. ನೀರಿಗೆ ಹತ್ತಿರ ಹೌದು, ಅದೇ ಅಲ್ಲ. ನನ್ನ ಮಟ್ಟಿಗೆ ಲೀಡರಿನ ದೊಡ್ಡ ಉಪಕಾರ ಅಂದರೆ ಉಜ್ಜುವಿಕೆ ತಡೆಯುವುದು. ಕಲ್ಲಿನ ಅಂಚಿಗೆ ಬಿಗಿಯಾಗಿ ತಗುಲಿದ ಬ್ರೇಡ್ ಕ್ಷಣದಲ್ಲಿ ಹೋಗುತ್ತದೆ. ಅಮೆರಿಕ-ಕೆನಡಾ ಗಡಿಯ ಸೇಂಟ್ ಕ್ಲೇರ್ ಸರೋವರದಂಥ ಕಡೆ ಸ್ಮಾಲ್‌ಮೌತ್ ಬಾಸ್ ಹಿಡಿಯುವವರನ್ನು ಕೇಳಿ ನೋಡು. 1988ರಲ್ಲಿ ಅಲ್ಲಿ ಜೀಬ್ರಾ ಮಸಲ್ ಅನ್ನುವ ಚಿಪ್ಪುಜೀವಿ ಕಾಣಿಸಿಕೊಂಡಿತು, ಆಮೇಲೆ ಸುತ್ತಲಿನ ದೊಡ್ಡ ಸರೋವರಗಳಿಗೆಲ್ಲ ಹರಡಿತು. ತಳದ ಕಲ್ಲಿಗೆಲ್ಲ ಅವು ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ. ಅಂಚುಗಳು ಬ್ಲೇಡಿನ ಹಾಗೆ. ಅಲ್ಲಿ ಲೀಡರ್ ಇಲ್ಲದೆ ತಳದಲ್ಲಿ ಜಿಗ್ ಅನ್ನುವ ಭಾರದ ಲೂರ್ (ಕೃತಕ ಎರೆ) ಎಳೆಯುವುದು ಸುಮ್ನೆ ಅದನ್ನು ಕಳೆದುಕೊಳ್ಳುವ ಕೆಲಸ.

ಈಗ ಗಂಟಿನ ವಿಷಯ. ನೀನು ಒಂದು ತಿಂಗಳಲ್ಲಿ ನಾಲ್ಕು ಬಗೆಯ ಗಂಟು ಹಾಕಿ ನೋಡಿದ್ದೀಯ. ಪ್ರತಿ ಸಲ ಮೀನು ತಪ್ಪಿದಾಗ ಗಂಟು ಬದಲಾಯಿಸಿದ್ದೀಯ. ಅದನ್ನು ನಿಲ್ಲಿಸು ಪುಟ್ಟ. ಎರಡೇ ಗಂಟು ಸಾಕು. ಮನೆಯಲ್ಲಿ ನಿಧಾನವಾಗಿ ಕೂತು ಕಟ್ಟಲು ಎಫ್‌ಜಿ. ದೋಣಿಯಲ್ಲಿ ಗಾಳಿ ಹೊಡೆಯುವಾಗ ಬೇಗ ಕಟ್ಟಲು ಆಲ್ಬರ್ಟೊ. ಡಬಲ್ ಯುನಿ ಕೆಟ್ಟದ್ದು ಅಂತಲ್ಲ, ಕಲಿಯಲು ಎಲ್ಲಕ್ಕಿಂತ ಸುಲಭ. ಆದರೆ ಉಬ್ಬು ಜಾಸ್ತಿ. ರಾಡಿನ ಸಣ್ಣ ಉಂಗುರಗಳಲ್ಲಿ ತಗುಲಿ ತಗುಲಿ ಎಸೆತ ಹಾಳು ಮಾಡುತ್ತದೆ. ಅದನ್ನೇ ಕಟ್ಟುವುದಾದರೆ ಬ್ರೇಡ್ ಕಡೆ ಎಂಟು ಸುತ್ತು ಹಾಕು, ಲೀಡರ್ ಕಡೆ ನಾಲ್ಕೈದು ಸಾಕು. ಎರಡೂ ಕಡೆ ಒಂದೇ ಲೆಕ್ಕ ಹಾಕಿದರೆ ಬ್ರೇಡ್ ಜಾರುತ್ತದೆ. ನಿನ್ನ ಫೋಟೊದಲ್ಲಿದ್ದ ಇನ್ನೊಂದು ಗಂಟು ಹಾಗೇ ಕಟ್ಟಿದ್ದು, ಅಲ್ವಾ?

ಆಲ್ಬರ್ಟೊ ಹೀಗೆ. ಲೀಡರಿನ ತುದಿಯನ್ನು ಮಡಚಿ ಒಂದು ಕುಣಿಕೆ ಮಾಡು. ಬ್ರೇಡನ್ನು ಆ ಕುಣಿಕೆಯೊಳಗೆ ಒಂದು ಗೇಣಿಗಿಂತ ಜಾಸ್ತಿ ತೂರಿಸು. ಲೀಡರಿನ ಎರಡೂ ಎಳೆ ಸೇರಿಸಿ, ಕುಣಿಕೆಯಿಂದ ದೂರಕ್ಕೆ ಏಳು ಸುತ್ತು ಸುತ್ತು. ಆಮೇಲೆ ಅದೇ ಸುತ್ತುಗಳ ಮೇಲೆ ಏಳು ಸುತ್ತು ಹಿಂದಕ್ಕೆ ಬಾ. ಬ್ರೇಡ್ ಕುಣಿಕೆಗೆ ಯಾವ ಬದಿಯಿಂದ ಒಳಗೆ ಹೋಗಿತ್ತೋ ಅದೇ ಬದಿಯಿಂದ ಹೊರಗೆ ಬರಬೇಕು. ಬೇರೆ ಬದಿಯಿಂದ ಬಂದರೆ ಗಂಟು ಸರಿಯಾಗಿ ಕೂರುವುದಿಲ್ಲ, ಬಿಚ್ಚಿ ಮತ್ತೆ ಕಟ್ಟು.

ಎಫ್‌ಜಿ ಬೇರೆ ಥರದ್ದು. ಇದರಲ್ಲಿ ಲೀಡರ್ ಮಡಚುವುದೇ ಇಲ್ಲ, ನೆಟ್ಟಗೆ ಇರುತ್ತದೆ. ಬ್ರೇಡ್ ಮಾತ್ರ ಅದರ ಮೈಮೇಲೆ ಒಂದು ಸುತ್ತು ಮೇಲಿನಿಂದ, ಮುಂದಿನದು ಕೆಳಗಿನಿಂದ, ಹೀಗೆ ಒಟ್ಟು ಇಪ್ಪತ್ತರವರೆಗೆ ಹೋಗುತ್ತದೆ. ಎಳೆದಷ್ಟೂ ಹೆಬ್ಬಾವಿನ ಹಾಗೆ ಹಿಡಿತ ಬಿಗಿಯಾಗುತ್ತದೆ. ಮಡಿಕೆ ಇಲ್ಲದ್ದರಿಂದಲೇ ಇದು ಇಷ್ಟು ಸಪೂರ, ಉಂಗುರದಲ್ಲಿ ಹೋಗಿದ್ದೇ ಗೊತ್ತಾಗುವುದಿಲ್ಲ. ಕಟ್ಟುವ ಉದ್ದಕ್ಕೂ ಬ್ರೇಡ್ ಬಿಗಿಯಾಗಿರಬೇಕು, ಇದರ ಜೀವ ಇರುವುದು ಅಲ್ಲೇ. ರೀಲಿನ ಡ್ರ್ಯಾಗ್ (ದಾರ ಬಿಡುವಾಗಿನ ಬಿಗಿತ) ಗಟ್ಟಿ ಮಾಡಿ ರಾಡನ್ನು ಎಲ್ಲಾದರೂ ಊರಿಕೋ, ಬ್ರೇಡಿನ ತುದಿಯನ್ನು ಕಿರುಬೆರಳಿಗೆ ಎರಡು ಸುತ್ತು ಸುತ್ತಿಕೋ. ಹಲ್ಲಿನಲ್ಲಿ ಕಚ್ಚಿ ಹಿಡಿಯುವವರು ಇದ್ದಾರೆ, ನೀನು ಹಾಗೆ ಮಾಡಬೇಡ.

ಸುತ್ತು ಮುಗಿದ ಮೇಲೆ ಉಳಿದ ಬ್ರೇಡ್ ತುದಿಯಿಂದ ಲೀಡರ್ ಮತ್ತು ಮುಖ್ಯ ಬ್ರೇಡ್ ಎರಡನ್ನೂ ಸೇರಿಸಿ ಒಂದು ಅರ್ಧಗಂಟು ಹಾಕು. ಸುತ್ತುಗಳು ಬಿಚ್ಚಿಕೊಳ್ಳದಂತೆ ಇದು ಕಾಯುತ್ತದೆ. ಈಗಲೇ ಕತ್ತರಿ ಕೈಗೆ ತಗೊಳ್ಳಬೇಡ. ಮೊದಲು ಗಂಟನ್ನು ಒದ್ದೆ ಮಾಡು, ಬಾಯಿಯ ತೇವ ಸಾಕು. ಆಮೇಲೆ ಮುಖ್ಯ ಬ್ರೇಡನ್ನೂ ಲೀಡರನ್ನೂ ಎರಡು ಕಡೆಗೆ ನಿಧಾನವಾಗಿ, ಬಲ ಹೆಚ್ಚಿಸುತ್ತಾ ಎಳೆ. ಕಣ್ಣು ಗಂಟಿನ ಮೇಲೇ ಇರಲಿ. ಸಡಿಲ ಇದ್ದಾಗ ಸುತ್ತುಗಳು ಮಸುಕಾಗಿ ಕಾಣುತ್ತವೆ. ಎಳೆಯುತ್ತಾ ಹೋದ ಹಾಗೆ ಒಂದಕ್ಕೊಂದು ಒತ್ತಿ ಕೂರುತ್ತವೆ, ಉದ್ದ ಕಡಿಮೆಯಾಗುತ್ತದೆ, ಬ್ರೇಡಿನ ಬಣ್ಣ ಕಡುವಾಗುತ್ತದೆ, ಕೊನೆಗೆ ಒಳಗಿನ ಲೀಡರ್ ನೆರಳಿನ ಹಾಗೆ ಕಾಣಿಸಲು ಶುರುವಾಗುತ್ತದೆ. ಬಣ್ಣ ಕಡುವಾಗದಿದ್ದರೆ ಗಂಟು ಇನ್ನೂ ಕೂತಿಲ್ಲ. ಅಲ್ಲಿಗೇ ಬಿಟ್ಟು ಮೇಲೆ ಎಷ್ಟು ಅರ್ಧಗಂಟು ಹೇರಿದರೂ ಪ್ರಯೋಜನ ಇಲ್ಲ. ಬೇಗ ಮುಗಿಸುವ ಆಸೆಗೆ ಬಹಳ ಜನ ಬಿಡುವುದು ಇದೊಂದನ್ನೇ. ನಿನ್ನ ಮೀನು ಹೋಗಿದ್ದೂ ಇಲ್ಲೇ ಅಂತ ನನ್ನ ಲೆಕ್ಕ.

ಕೂತ ಮೇಲೆ ಇನ್ನೂ ನಾಲ್ಕೈದು ಅರ್ಧಗಂಟು, ಒಂದು ಈ ಕಡೆಯಿಂದ, ಮತ್ತೊಂದು ಆ ಕಡೆಯಿಂದ. ಆಗ ಲೀಡರಿನ ಮೋಟು ತುದಿಯನ್ನು ಬುಡಕ್ಕೆ ಕತ್ತರಿಸು. ಬರೀ ಮುಖ್ಯ ಬ್ರೇಡಿನ ಮೇಲೆ ಮೂರ್ನಾಲ್ಕು ಅರ್ಧಗಂಟು ಹಾಕಿ ಮುಗಿಸು. ಮೋಟಿನ ಚೂಪು ಮುಚ್ಚಿಹೋಗುತ್ತದೆ. ಲೈಟರ್ ಹಿಡಿದು ತುದಿ ಉಂಡೆ ಮಾಡುವ ಅಭ್ಯಾಸ ಕೆಲವರಿಗಿದೆ. ಬ್ರೇಡ್ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಫ್ಲೋರೋಕಾರ್ಬನ್ ಅದಕ್ಕಿಂತ ಜಾಸ್ತಿ ಬಿಸಿ ತಡೆಯುತ್ತದೆ. ಲೀಡರ್ ತುದಿ ಕರಗುವಷ್ಟರಲ್ಲಿ ಪಕ್ಕದ ಬ್ರೇಡಿನ ಕಥೆ ಏನಾಗಿರುತ್ತದೆ ಹೇಳು. ಗಂಟು ಒದ್ದೆ ಮಾಡು ಅನ್ನುವುದೂ ಇದೇ ಬಿಸಿಯ ಕಾರಣಕ್ಕೆ. ಒಣಗಿದ ದಾರವನ್ನು ರಪ್ಪನೆ ಎಳೆದರೆ ಉಜ್ಜಿದ ಬಿಸಿಗೆ ಲೀಡರಿನ ಮೈ ಕೆಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆ ಮಾಡುವಾಗ ಬ್ರೇಡನ್ನು ಬರಿಗೈಗೆ ಸುತ್ತಿಕೊಂಡು ಎಳೆಯಬೇಡ, ಚರ್ಮ ಕೊಯ್ದುಬಿಡುತ್ತದೆ. ಒಂದು ಮರದ ತುಂಡಿಗೆ ಸುತ್ತಿ ಎಳೆ. ಹಾಗೆಯೇ, ಲೀಡರಿನ ದಪ್ಪ ಬ್ರೇಡಿನ ದಪ್ಪಕ್ಕಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ಎಫ್‌ಜಿಗೆ ಕಚ್ಚಿಕೊಳ್ಳಲು ಮೈಯೇ ಸಿಗುವುದಿಲ್ಲ. ಕೊಕ್ಕೆಯ ಕೆಳಗೆ ಭಾರ ಕಟ್ಟಿ ಇಳಿಬಿಡುವ ಡ್ರಾಪ್ ಶಾಟ್‌ನಂಥ ನಾಜೂಕು ಕೆಲಸಕ್ಕೆ ಸ್ಪಿನ್ನಿಂಗ್ ರೀಲಿನಲ್ಲಿ 10 ಪೌಂಡ್ ಬ್ರೇಡ್, 8 ಪೌಂಡ್ ಲೀಡರ್ ಚೆನ್ನಾಗಿ ಹೊಂದುತ್ತದೆ. ಜಿಗ್‌ಗೆ 30 ಪೌಂಡ್ ಬ್ರೇಡ್, 15 ಪೌಂಡ್ ಲೀಡರ್. ಎರಡರಲ್ಲೂ ಲೀಡರಿನ ಪೌಂಡ್ ಕಡಿಮೆ ಇದೆ ನೋಡು. ತಳದಲ್ಲಿ ಸಿಕ್ಕಿಹಾಕಿಕೊಂಡಾಗ ಲೀಡರ್ ಕಡೆಯೇ ಕಿತ್ತುಬರಬೇಕು, ನೂರಾರು ಅಡಿ ಬ್ರೇಡ್ ನೀರಿನಲ್ಲಿ ಉಳಿಯಬಾರದು. ಡ್ರ್ಯಾಗ್ ಇಡುವಾಗಲೂ ಲೀಡರಿನ ಪೌಂಡನ್ನೇ ಲೆಕ್ಕಕ್ಕೆ ಹಿಡಿ, ಅದರ ಕಾಲು ಭಾಗದಷ್ಟು ಸಾಕು. ಬ್ರೇಡ್ ಹಿಗ್ಗುವುದಿಲ್ಲ, ಮೀನಿನ ಒಂದೊಂದು ಜಗ್ಗಾಟವೂ ನೇರ ಗಂಟಿಗೇ ಬಂದು ಬೀಳುತ್ತದೆ. ಕಚ್ಚಿದ ಕೂಡಲೇ ರಾಡನ್ನು ಮೇಲಕ್ಕೆ ಚಿಮ್ಮಿಸಬೇಡ. ದಾರದ ಸಡಿಲವನ್ನು ರೀಲಿಗೆ ಸುತ್ತಿಕೊಂಡು ಪಕ್ಕಕ್ಕೆ ಎಳೆದರೆ ಕೊಕ್ಕೆ ತಾನೇ ಕೂರುತ್ತದೆ.

ಲೀಡರ್ ಎಷ್ಟು ಉದ್ದ ಅಂತ ಕೇಳಿದ್ದೀಯ. ನೀರು ಮಬ್ಬಾಗಿದ್ದರೆ ಎರಡು ಮೂರು ಅಡಿ ಸಾಕು, ಎಸೆಯುವಾಗ ಗಂಟು ರಾಡಿನ ತುದಿಯ ಹೊರಗೇ ಇರುತ್ತದೆ. ನೀರು ತಿಳಿಯಾಗಿದ್ದು ಮೀನು ಹುಷಾರಾಗಿದ್ದರೆ ಎಂಟು ಹತ್ತು ಅಡಿ ಹಾಕು. ಆಗ ಗಂಟು ಉಂಗುರಗಳಲ್ಲಿ ಓಡಾಡುತ್ತದೆ, ಅಲ್ಲಿ ಎಫ್‌ಜಿ ಬಿಟ್ಟು ಬೇರೆ ಕಟ್ಟಬೇಡ. ಪ್ರತಿ ಮೀನಿನ ಆಮೇಲೆ ಕೊನೆಯ ಎರಡಡಿ ದಾರವನ್ನು ತುಟಿಗಳ ನಡುವೆ ಎಳೆದು ನೋಡು. ಬೆರಳಿಗೆ ಸಿಗದ ಗೀರು ತುಟಿಗೆ ಸಿಗುತ್ತದೆ. ಗೀರು ಸಿಕ್ಕರೆ ಕತ್ತರಿಸಿ ಲೂರ್ ಮತ್ತೆ ಕಟ್ಟು. ಹೀಗೆ ಕತ್ತರಿಸುತ್ತಾ ಲೀಡರ್ ಒಂದೂವರೆ ಅಡಿಗೆ ಬಂದರೆ ಹೊಸದು ಹಾಕು.

ಎಲ್ಲ ಕಡೆಯೂ ಲೀಡರ್ ಬೇಕಿಲ್ಲ. ದಟ್ಟ ಜೊಂಡಿನ ಮೇಲೆ ಕಪ್ಪೆ ಲೂರ್ ಆಡಿಸುವಾಗ ಬ್ರೇಡನ್ನೇ ನೇರ ಕಟ್ಟು. ಅಲ್ಲಿ ಗಂಟು ಅಂದರೆ ಕಸ ಸಿಕ್ಕಿಕೊಳ್ಳುವ ಜಾಗ, ಅಷ್ಟೇ. ನೀರಿನ ಮೇಲೆ ನಡೆಯುವ ಲೂರ್‌ಗಳಿಗೆ ಫ್ಲೋರೋಕಾರ್ಬನ್ ಬೇಡ, ಮುಳುಗುವ ದಾರ ಅದರ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ನೈಲಾನ್ ಲೀಡರ್ ಹಾಕು, ಗಂಟು ಅದೇ.

ಕತ್ತರಿಸಿದ ಚೂರುಗಳನ್ನು ಜೇಬಿಗೆ ಹಾಕಿಕೋ. ಫ್ಲೋರೋಕಾರ್ಬನ್ ನೀರಿನಲ್ಲಿ ಬೇಗ ಕೊಳೆಯುವ ವಸ್ತುವಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಅವಕ್ಕೆ ಆಗುವುದಿಲ್ಲ.

ಈ ವಾರ ನೀರಿನ ಕಡೆ ಹೋಗುವ ಮುಂಚೆ ಮನೆಯಲ್ಲೇ ಎಫ್‌ಜಿ ಕಟ್ಟಿ, ಮೋಟು ತುದಿ ಕತ್ತರಿಸುವ ಮೊದಲು ಒಂದು ಫೋಟೊ ತೆಗೆದು ಕಳಿಸು. ಬಣ್ಣ ಕಾಣುವ ಹಾಗೆ ಬೆಳಕಿನಲ್ಲಿ ತೆಗೆ, ಹತ್ತಿರದಿಂದ. ಸುತ್ತುಗಳು ಕೂತಿವೆಯೋ ಇಲ್ಲವೋ ನೋಡಿ ಆ ದಿನವೇ ಬರೆಯುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ