ಹುಡುಕಿದವರಿಗೆ, ಸುಮ್ಮನಿದ್ದವರಿಗೆ

ಕೋರಮಂಗಲದಲ್ಲಿ ಗೆಳೆಯನೊಬ್ಬನ ಹುಟ್ಟುಹಬ್ಬದ ಊಟ ಮುಗಿಸಿ ರಾತ್ರಿ ಹೊರಟ ಹುಡುಗ ತನ್ನ ಪಿ.ಜಿ. ತಲುಪದೆ ಕಾಣೆಯಾದ ಸುದ್ದಿ ನಿಮ್ಮಲ್ಲಿ ಅನೇಕರ ಮೊಬೈಲಿಗೆ ಬಂದಿತ್ತು. ಅವನು ನನ್ನ ಅಕ್ಕನ ಮಗ. ತಲೆಗೆ ಬಿದ್ದ ಪೆಟ್ಟಿಗೆ ಶಸ್ತ್ರಚಿಕಿತ್ಸೆಯಾಗಿ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಈಗ ಅರಸೀಕೆರೆ ಬಳಿಯ ನಮ್ಮ ಊರಿನಲ್ಲಿದ್ದಾನೆ. ಎಡಗೈಗೆ ಪೂರ್ತಿ ಬಲ ಬರಬೇಕಿದೆ, ಫಿಜಿಯೋಥೆರಪಿ ನಡೆಯುತ್ತಿದೆ. ಆದರೆ ಮಾತು ಸ್ಪಷ್ಟವಾಗಿದೆ, ಊಟ ಸೇರುತ್ತಿದೆ, ಅಮ್ಮನ ಜೊತೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾನೆ. ಅಕ್ಕ ಮತ್ತು ಭಾವನವರ ಪರವಾಗಿ ಈ ಕೃತಜ್ಞತೆಯನ್ನು ನಾನು ಬರೆಯುತ್ತಿದ್ದೇನೆ. ಇದನ್ನು ಮೊದಲು ಅವನಿಗೇ ಓದಿ ಹೇಳಿ, ಅವನು ಬೇಡವೆಂದ ಸಾಲುಗಳನ್ನು ತೆಗೆದಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ತಮ್ಮ ಹೆಸರು ಎಲ್ಲೆಲ್ಲೋ ಹರಿದಾಡಿದ್ದರ ಫಲವನ್ನು ಇಲ್ಲಿ ನೆನೆಯಬೇಕಾದ ಕೆಲವರು ಈಗಾಗಲೇ ಉಂಡಿದ್ದಾರೆ.

ನಡೆದದ್ದೇನು ಎಂಬುದನ್ನು ಒಮ್ಮೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಹೋಟೆಲು ಮುಚ್ಚಿದ ಮೇಲೆ ಅವನು ಆಟೋ ಹತ್ತಿದ. ಪಿ.ಜಿ. ಇದ್ದ ಬೀದಿಯನ್ನು ಪೈಪಿಗಾಗಿ ಅಗೆದು ಬಿಟ್ಟಿದ್ದರಿಂದ ಚಾಲಕರು ತುಸು ಹಿಂದೆಯೇ ಇಳಿಸಬೇಕಾಯಿತು. ಅಲ್ಲಿಂದ ಅವನು ರಾಜಕಾಲುವೆಯ ಪಕ್ಕದ, ದೀಪವಿಲ್ಲದ ಕಾಲುದಾರಿ ಹಿಡಿದ. ತಡೆಗೋಡೆ ಒಡೆದಿದ್ದ ಜಾಗದಲ್ಲಿ ಕಾಲು ಜಾರಿ ಕೆಳಗೆ ಬಿದ್ದ. ಮೊಬೈಲು, ಪರ್ಸು ಕೊಚ್ಚೆಯ ಪಾಲಾದವು. ಕುಡಿದಿದ್ದನೇ ಎಂದು ಬಹಳ ಜನ ಕೇಳಿದ್ದೀರಿ. ಹೌದು, ಸ್ವಲ್ಪ ಕುಡಿದಿದ್ದ, ಅದನ್ನು ಪೊಲೀಸರಿಗೂ ಮನೆಯವರಿಗೂ ಗೆಳೆಯರು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದುಡಿಯುವ ಹುಡುಗ ಗೆಳೆಯರ ಜೊತೆ ಒಂದು ಸಂಜೆ ಕಳೆದದ್ದಕ್ಕೆ ನಾವು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಭಾವನವರ ಅಭಿಪ್ರಾಯ ಬೇರೆಯಿದೆ. ಅದು ನಮ್ಮ ಮನೆಯೊಳಗಿನ ಮಾತು.

ಬೆಳಕು ಹರಿಯುವ ಹೊತ್ತಿಗೆ ಅವನನ್ನು ಮೊದಲು ನೋಡಿದವರು ಕಸ ಗುಡಿಸಲು ಬಂದಿದ್ದ ಇಬ್ಬರು ಪೌರಕಾರ್ಮಿಕ ಮಹಿಳೆಯರು. ರಕ್ತ ಮೆತ್ತಿದ, ಕೊಚ್ಚೆಯಲ್ಲಿ ನೆನೆದ ಅಪರಿಚಿತನನ್ನು ಕಂಡು ಯಾರೋ ಕುಡಿದು ಬಿದ್ದಿದ್ದಾನೆಂದು ಮುಂದೆ ಹೋಗಿಬಿಡುವುದು ಸುಲಭವಿತ್ತು. ಅವರು ಹಾಗೆ ಮಾಡದೆ 108ಕ್ಕೆ ಕರೆ ಮಾಡಿಸಿ, ಆಂಬುಲೆನ್ಸ್ ಬರುವವರೆಗೆ ಒಬ್ಬರು ಅವನ ತಲೆಯನ್ನು ಅಲುಗದಂತೆ ಹಿಡಿದುಕೊಂಡರು, ಇನ್ನೊಬ್ಬರು ರಸ್ತೆಯ ತಿರುವಿಗೆ ಹೋಗಿ ನಿಂತು ವಾಹನಕ್ಕೆ ದಾರಿ ತೋರಿದರು. ಅಕ್ಕ ಅವರಿಬ್ಬರ ಮನೆಗೂ ಹೋಗಿ ಬಾಗಿನ ಕೊಟ್ಟು ಬಂದಿದ್ದಾಳೆ. ಇದನ್ನೆಲ್ಲ ಬರೆಯಬೇಡಿ, ಕೆಲಸದ ಹೊತ್ತಿನಲ್ಲಿ ಫೋಟೋ ತೆಗೆಯಲು ಯಾರಾದರೂ ಬಂದರೆ ಮೇಸ್ತ್ರಿ ಬೈಯುತ್ತಾರೆ ಎಂದು ಅವರಲ್ಲೊಬ್ಬರು ನಕ್ಕು ಹೇಳಿದರಂತೆ. ಹೆಸರಿಲ್ಲದೆ ಬರೆಯಲು ಅಪ್ಪಣೆ ಕೇಳಿ ಪಡೆದಿದ್ದೇನೆ.

ಆಸ್ಪತ್ರೆಯ ದಾಖಲೆಯಲ್ಲಿ ಅವನು ‘ಅಪರಿಚಿತ ಪುರುಷ’ನಾದ. ಅವನು ಸಿಕ್ಕ ಜಾಗ ಒಂದು ಠಾಣೆಯ ಸರಹದ್ದಿಗೆ, ನಾವು ದೂರು ಕೊಟ್ಟ ಪಿ.ಜಿ. ಇನ್ನೊಂದು ಠಾಣೆಯ ಸರಹದ್ದಿಗೆ ಸೇರಿದ್ದವು. ಆಸ್ಪತ್ರೆಯ ಮಾಹಿತಿ ಅಲ್ಲಿಗೆ ಹೋಯಿತು, ನಮ್ಮ ದೂರು ಇಲ್ಲೇ ಉಳಿಯಿತು. ನಡುವಿನ ಆ ಸಂದಿನಲ್ಲಿ ನಮ್ಮ ಹುಡುಗನ ಬದುಕು ಕೆಲವು ದಿನ ತೂಗಾಡಿತು.

ಆ ಸಂದನ್ನು ಮುಚ್ಚಿದವರು ನಮ್ಮ ದೂರು ದಾಖಲಿಸಿಕೊಂಡ ಮುಖ್ಯಪೇದೆ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂದು ಊರಿನಲ್ಲಿ ಹತ್ತು ಮಂದಿ ಹೇಳಿದ್ದರು. ಅಂಥ ನಿಯಮವೇ ಇಲ್ಲವೆಂದು ಹೇಳಿ, ನಾವು ಕುಳಿತಲ್ಲೇ ದೂರು ಬರೆಸಿಕೊಂಡರು. ಬಳಿಕ ಅವರು ಕೇಳಿದ ಪ್ರಶ್ನೆಗಳು ನಮಗೆ ಆಗ ವಿಚಿತ್ರವೆನಿಸಿದವು. ಫೋಟೋ ತೆಗೆದಿಟ್ಟುಕೊಂಡು, ಮೈಮೇಲೆ ಹಳೆಯ ಗಾಯ, ಮಚ್ಚೆ, ಹಚ್ಚೆ ಏನಾದರೂ ಉಂಟೇ ಎಂದು ಅಕ್ಕನನ್ನು ಮತ್ತೆ ಮತ್ತೆ ಕೇಳಿದರು. ಕೊನೆಗೆ ಪ್ರಕಟಣೆಯಲ್ಲಿ ಬಂದದ್ದು ಗೋಡೆಗೆ ಅಂಟಿಸಿದ ಹಾಳೆಗಳಲ್ಲಿ ನಾವೆಲ್ಲ ಓದಿಯೂ ಓದದೆ ಬಿಡುವ ಅದೇ ಭಾಷೆ: ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಮೊಣಕೈ ಕೆಳಗೆ ಸುಟ್ಟ ಗಾಯದ ಹಳೆಯ ಕಲೆ. ಗೆಳೆಯರು ಹಂಚಿದ ಚಂದದ ಫೋಟೋದಲ್ಲಿ ಅವನಿಗೆ ಉದ್ದ ಕೂದಲು, ಒಪ್ಪವಾಗಿ ಕತ್ತರಿಸಿದ ಗಡ್ಡ. ಆಸ್ಪತ್ರೆಯ ಹಾಸಿಗೆಯಲ್ಲಿದ್ದವನು ತಲೆ ಬೋಳಿಸಿದ, ಮುಖ ಊದಿದ ರೋಗಿ. ಮುಖ್ಯಪೇದೆ ಒಂದೊಂದೇ ಆಸ್ಪತ್ರೆಗೆ ಫೋನು ಮಾಡಿ ಆ ಕಲೆಯ ಬಗ್ಗೆ ಕೇಳುತ್ತ ಹೋದರು. ಒಂದು ತೀವ್ರನಿಗಾ ಘಟಕದಲ್ಲಿ ರಾತ್ರಿ ಪಾಳಿಯ ನರ್ಸ್ ಒಬ್ಬರು ಕರೆಯನ್ನು ಹಿಡಿದಿಟ್ಟು, ಹಾಸಿಗೆಯ ಬಳಿ ಹೋಗಿ, ಡ್ರಿಪ್ ಹಾಕಿದ್ದ ಕೈಯನ್ನು ಮೆಲ್ಲಗೆ ಹೊರಳಿಸಿ ನೋಡಿ ಬಂದು, ‘ಇದೆ’ ಎಂದರು. ಆ ಮುಖ್ಯಪೇದೆಗೂ ಆ ತಂಗಿಗೂ ನಾವು ಏನು ಹೇಳಿದರೂ ಕಡಿಮೆಯೇ.

ಈ ನಡುವೆ ಹೊರಗೆ ಬೇರೊಂದು ತನಿಖೆ ನಡೆಯುತ್ತಿತ್ತು. ಅವನಿಗೆ ಕಳಿಸಿದ ಸಂದೇಶಕ್ಕೆ ಒಂದೇ ಟಿಕ್ ಬೀಳುತ್ತಿದೆ, ಆದ್ದರಿಂದ ಅವನೇ ಎಲ್ಲರನ್ನೂ ಬ್ಲಾಕ್ ಮಾಡಿ ಓಡಿಹೋಗಿದ್ದಾನೆ ಎಂದು ಒಬ್ಬರು ತೀರ್ಮಾನಿಸಿದರು. ಮೊಬೈಲು ನೀರಿನಲ್ಲಿ ಸತ್ತಿದ್ದರೂ ಒಂದೇ ಟಿಕ್ ಬೀಳುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಟವರ್ ಲೊಕೇಶನ್ ಎಂದು ಯಾರೋ ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಟ್ಟರು; ಟವರ್ ಹೇಳುವುದು ಒಂದು ಪ್ರದೇಶವನ್ನೇ ಹೊರತು ಒಂದು ಮನೆಯನ್ನಲ್ಲ, ಆದರೆ ಆ ಚುಕ್ಕಿ ಬಿದ್ದ ಮನೆಯವರ ಬಾಗಿಲನ್ನು ಕ್ಯಾಮೆರಾ ಹಿಡಿದವರು ಬಡಿದರು. ಸಾಲ, ಪ್ರೇಮ, ಮಾದಕವಸ್ತು, ಜಾತಿ ಎಲ್ಲವೂ ಸರದಿಯಲ್ಲಿ ಬಂದವು. ಊರಿನಲ್ಲಿ ನಮ್ಮ ದೊಡ್ಡಮ್ಮ ಅಂಜನ ಹಾಕಿಸಿ ನೋಡೋಣವೆಂದು ಹಟ ಹಿಡಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅಂಜನದವನೇ ಎಷ್ಟೋ ವಾಸಿ, ಅವನು ತೆಂಗಿನಕಾಯಿ, ದಕ್ಷಿಣೆ ತೆಗೆದುಕೊಂಡು ಒಂದು ದಿಕ್ಕು ತೋರಿಸುತ್ತಾನೆ, ಯಾರ ಮೇಲೂ ಕೊಲೆಯ ಆರೋಪ ಹೊರಿಸುವುದಿಲ್ಲ.

ಆರೋಪ ಬಿದ್ದದ್ದು ಮುಖ್ಯವಾಗಿ ಇಬ್ಬರ ಮೇಲೆ. ಆ ಊಟಕ್ಕೆ ಬಂದಿದ್ದ ಅವನ ಸಹೋದ್ಯೋಗಿ ಹೆಣ್ಣುಮಗಳೊಬ್ಬರು ಅವನು ಆಟೋ ಹತ್ತಿದ್ದನ್ನು ಕೊನೆಯದಾಗಿ ಕಂಡವರು, ಅದನ್ನು ಠಾಣೆಗೆ ತಾವೇ ಹೋಗಿ ಹೇಳಿದವರು. ಅವರ ಹಳೆಯ ಫೋಟೋಗಳನ್ನು ಹೆಕ್ಕಿ ತೆಗೆದು, ಮೊಬೈಲ್ ನಂಬರನ್ನೂ ಹಾಕಿ, ‘ಇವಳನ್ನು ಕೇಳಿ’ ಎಂದು ಬರೆದರು. ಸಹಿಸಲಾರದೆ ಅವರು ಫೋನು ಆರಿಸಿಟ್ಟ ಹೊತ್ತಿನಲ್ಲೇ ಪೊಲೀಸರು ಆಟೋದ ಬಣ್ಣ, ಬರಹದ ವಿವರ ಕೇಳಲು ಅವರನ್ನು ಹುಡುಕುತ್ತಿದ್ದರು. ಅಷ್ಟೆಲ್ಲ ಆದಮೇಲೂ ಆ ಮಗಳು ಹಿಂದೆ ಸರಿಯದೆ ಮತ್ತೆ ಠಾಣೆಗೆ ಬಂದು, ಆಟೋದ ಹಿಂಬದಿಯ ಗಾಜಿನ ಮೇಲೆ ಏನು ಬರೆದಿತ್ತು ಎಂಬುದನ್ನು ನೆನಪಿಸಿಕೊಂಡು ಹೇಳಿದ್ದರಿಂದ ಚಾಲಕರು ಸಿಕ್ಕರು. ನಮ್ಮ ಕುಟುಂಬ ಅವರಿಗೂ ಅವರ ತಂದೆತಾಯಿಗೂ ಋಣಿ.

ಚಾಲಕರ ಪಾಡು ಇನ್ನೂ ಕಠಿಣವಾಗಿತ್ತು. ಮಸುಕಾದ ಸಿಸಿಟಿವಿ ತುಣುಕೊಂದರಲ್ಲಿ ಅವರ ಆಟೋ ಕಂಡದ್ದೇ ತಡ, ಹುಡುಗನನ್ನು ದೋಚಿ ಎಸೆದಿದ್ದಾರೆಂಬ ಕತೆ ಹುಟ್ಟಿತು. ಸ್ಟ್ಯಾಂಡಿನಲ್ಲಿ ಜನ ಸುತ್ತುವರಿದರು. ಇಂಥ ಗುಂಪು ಎಲ್ಲಿಗೆ ಹೋಗಿ ಮುಟ್ಟಬಹುದೆಂದು ನಮ್ಮ ರಾಜ್ಯಕ್ಕೆ ಗೊತ್ತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ತರುಣ ಇಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ದೇಶದಲ್ಲಿ ಒಂದರ ಹಿಂದೊಂದು ನಡೆದ ಅಂಥ ಹತ್ಯೆಗಳ ಬಳಿಕವೇ ಆ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿದ್ದು. ನಮ್ಮ ಚಾಲಕರನ್ನು ಆ ದಿನ ಕಾಪಾಡಿದವರು ಅದೇ ಸ್ಟ್ಯಾಂಡಿನ ಇತರ ಚಾಲಕರು; ಅಡ್ಡ ನಿಂತು, 112ಕ್ಕೆ ಕರೆ ಮಾಡಿ, ಪೊಲೀಸರು ಬರುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹುಡುಗನನ್ನು ಯಾವ ತಿರುವಿನಲ್ಲಿ ಇಳಿಸಿದೆ ಎಂದು ಅವರು ಸ್ಥಳಕ್ಕೇ ಬಂದು ತೋರಿಸಿದ್ದರಿಂದ ಯಾವ ಭಾಗದ ಆಸ್ಪತ್ರೆಗಳನ್ನು ಮೊದಲು ವಿಚಾರಿಸಬೇಕೆಂಬುದು ಮುಖ್ಯಪೇದೆಗೆ ತಿಳಿಯಿತು. ಯಜಮಾನರೇ, ನಿಮ್ಮ ಕೆಲವು ದಿನಗಳ ದುಡಿಮೆ ನಮ್ಮಿಂದಾಗಿ ಹೋಯಿತು; ಅದನ್ನು ತುಂಬಿಕೊಡುತ್ತೇವೆಂದು ಭಾವ ಬಂದಾಗ ನೀವು ಕಾಫಿ ಕುಡಿಸಿ ಕಳಿಸಿದಿರಿ. ಅದನ್ನು ನಾವು ಮರೆಯುವುದಿಲ್ಲ.

ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕಿರುವ ಅವನ ಹಳೆಯ ಸಹಪಾಠಿಯೊಬ್ಬರು ಎರಡನೆಯ ದಿನ ಕರೆ ಮಾಡಿ ಕೊಟ್ಟ ಸಲಹೆಗೆ ವಿಶೇಷ ಧನ್ಯವಾದ ಸಲ್ಲಬೇಕು. ಪಕ್ಕದ ಲ್ಯಾಂಕಾಶೈರಿನ 19 ವರ್ಷದ ಹುಡುಗನೊಬ್ಬ 2024ರ ಜೂನ್‌ನಲ್ಲಿ ಸ್ಪೇನಿನ ಟೆನೆರೀಫ್ ದ್ವೀಪಕ್ಕೆ ಸಂಗೀತೋತ್ಸವಕ್ಕೆಂದು ಹೋಗಿ, ರಾತ್ರಿ ಕಳೆದು ಬೆಳಿಗ್ಗೆ ಗುಡ್ಡಗಾಡಿನ ದಾರಿಯಲ್ಲಿ ನಡೆದು ಹೊರಟವನು ಕಾಣೆಯಾಗಿದ್ದ. ಮೊಬೈಲಿನ ಚಾರ್ಜು ಮುಗಿಯುತ್ತ ಬಂದಿತ್ತು. ಅವನ ದೇಹ ಜುಲೈ 15ರಂದು ಮಾಸ್ಕಾ ಹಳ್ಳಿಯ ಬಳಿಯ ಕಡಿದಾದ ಕಣಿವೆಯಲ್ಲಿ ಸಿಕ್ಕಿತು. 2025ರಲ್ಲಿ ಪ್ರೆಸ್ಟನ್ನಿನಲ್ಲಿ ನಡೆದ ಮರಣ ವಿಚಾರಣೆ ಅದನ್ನು ಆಕಸ್ಮಿಕ ಸಾವೆಂದು ತೀರ್ಮಾನಿಸಿತು. ಆದರೆ ಅಷ್ಟರಲ್ಲಿ ಮನೆಯಲ್ಲಿ ಕುಳಿತ ಪತ್ತೇದಾರರು ಗ್ಯಾಂಗು, ಅಪಹರಣ ಎಂದೆಲ್ಲ ಕಟ್ಟಿದ್ದರು, ಕೆಲವರು ವಿಡಿಯೋ ಮಾಡಲೆಂದೇ ವಿಮಾನ ಹತ್ತಿ ದ್ವೀಪಕ್ಕೆ ಹೋಗಿದ್ದರು. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ಆತ ಹೇಳಿದ್ದಿಷ್ಟು: ಮನೆಯಿಂದ ಒಬ್ಬರೇ ಮಾತನಾಡಿ, ಯಾರ ಕಾಮೆಂಟಿಗೂ ಉತ್ತರಿಸಬೇಡಿ, ಸುಳಿವು ಎಂದು ಬಂದದ್ದನ್ನೆಲ್ಲ ನೀವು ತೂಗಿ ನೋಡದೆ ಠಾಣೆಗೆ ಕಳಿಸಿ. ನಾವು ಹಾಗೆಯೇ ಮಾಡಿದೆವು.

ಆತನೇ ಇನ್ನೊಂದು ಪ್ರಕರಣವನ್ನೂ ನೆನಪಿಸಿದರು. 2013ರ ಮಾರ್ಚ್‌ನಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬ ಕಾಣೆಯಾಗಿದ್ದ. ಏಪ್ರಿಲ್ 15ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ, ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಬಿಡುಗಡೆ ಮಾಡಿದ ಶಂಕಿತರ ಚಿತ್ರದಲ್ಲಿ ಇರುವವನು ಅವನೇ ಎಂದು ಅಂತರ್ಜಾಲದಲ್ಲಿ ಸಾವಿರಾರು ಜನ ಸಾರಿದರು. ಮಗನನ್ನು ಹುಡುಕಲು ಮನೆಯವರು ತೆರೆದಿದ್ದ ಪುಟ ಬೈಗುಳದಿಂದ ತುಂಬಿ ಅದನ್ನೇ ಮುಚ್ಚಬೇಕಾಯಿತು. ಕೆಲವೇ ದಿನಗಳಲ್ಲಿ ಆ ಹುಡುಗನ ದೇಹ ನದಿಯಲ್ಲಿ ಸಿಕ್ಕಿತು. ಸ್ಫೋಟಕ್ಕೆ ಮೊದಲೇ ಅವನು ತೀರಿಕೊಂಡಿದ್ದ. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಇದನ್ನು ಓದುತ್ತಿದ್ದಾಗ ನನಗೆ ಅನಿಸಿದ್ದು, ನಮ್ಮ ಮನೆಗೆ ಬಿದ್ದದ್ದು ಅದರ ಅಂಚಿನ ಗಾಳಿ ಮಾತ್ರ ಎಂದು.

ಆದ್ದರಿಂದಲೇ ಈ ಬರಹದ ದೊಡ್ಡ ಪಾಲು ಕೃತಜ್ಞತೆ ಕಣ್ಣಿಗೆ ಕಾಣದವರಿಗೆ ಸಲ್ಲುತ್ತದೆ. ಅವನ ಕಾಲೇಜಿನ ಗುಂಪಿನಲ್ಲಿ ಆ ಹೆಣ್ಣುಮಗಳ ಫೋಟೋ ಬಂದಾಗ ‘ಇದನ್ನು ತೆಗೆಯಿರಿ’ ಎಂದು ಬರೆದವರು, ತೆಗೆಯದಿದ್ದಾಗ ಗುಂಪನ್ನೇ ಬಿಟ್ಟು ಹೊರಬಂದವರು ಇದ್ದಾರೆ. ತಮ್ಮ ಅಂಗಡಿಯ ಸಿಸಿಟಿವಿ ದೃಶ್ಯವನ್ನು ಚಾನೆಲಿನವರು ಹಣ ಕೊಡುತ್ತೇವೆಂದರೂ ಕೊಡದೆ ಪೆನ್‌ಡ್ರೈವಿನಲ್ಲಿ ಠಾಣೆಗೆ ಒಯ್ದು ಒಪ್ಪಿಸಿದ ಬೇಕರಿಯವರಿದ್ದಾರೆ. ನಮ್ಮೂರಿನ ಸಂತೆಯಲ್ಲಿ ಬಿಸಿಬಿಸಿ ಸುದ್ದಿ ಕೇಳಲು ಬಂದವರಿಗೆ ‘ಪೊಲೀಸರು ನೋಡುತ್ತಿದ್ದಾರೆ’ ಎಂಬ ಒಂದೇ ಮಾತು ಹೇಳಿ ಕಳಿಸಿದ ನೆರೆಯವರಿದ್ದಾರೆ. ಏನೂ ಬರೆಯದೆ ಇದ್ದದ್ದರ ಲೆಕ್ಕ ಎಲ್ಲೂ ಸಿಗುವುದಿಲ್ಲ. ಸಿಕ್ಕಿದ್ದರೆ ಒಬ್ಬೊಬ್ಬರಿಗೂ ಬೇರೆಯಾಗಿ ಕೈಮುಗಿಯುತ್ತಿದ್ದೆ. ಮುಂಚೆ ಬರೆದು ಆಮೇಲೆ ಅಳಿಸಿ ಆ ಚಾಲಕರ ಬಳಿ ಹೋಗಿ ಕ್ಷಮೆ ಕೇಳಿದ ಇಬ್ಬರು ಯುವಕರನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಅಕ್ಕ ಒಪ್ಪಲಿಲ್ಲ, ಆದರೂ ಸೇರಿಸುತ್ತೇನೆ.

ಶಸ್ತ್ರಚಿಕಿತ್ಸೆಯ ದಿನ ರಕ್ತ ಕೊಡಲು ಬಂದವರಿಗೆ, ಚಿಕಿತ್ಸೆಯ ಖರ್ಚಿಗೆ ನೆರವಾದ ಅವನ ಕಚೇರಿಯ ಗೆಳೆಯರಿಗೆ ವಂದನೆಗಳು. ಬಂದ ಹಣದ, ಖರ್ಚಿನ ಲೆಕ್ಕವನ್ನು ಕೊಟ್ಟವರಿಗೆಲ್ಲ ಕಳಿಸಿದ್ದೇವೆ. ಉಳಿದದ್ದು ಅದೇ ವಾರ್ಡಿನ ಬಡ ರೋಗಿಗಳ ಔಷಧಿಗೆ ಹೋಗಿದೆ.

ಕೊನೆಗೊಂದು ಕೋರಿಕೆ. ಅವನ ಫೋಟೋ ಇರುವ ‘ಕಾಣೆಯಾಗಿದ್ದಾನೆ’ ಎಂಬ ಪೋಸ್ಟರ್ ಈಗಲೂ ಸುತ್ತುತ್ತಿದೆ, ಭಾವನವರ ನಂಬರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆಗಳು ಬರುತ್ತಿವೆ. ಅದರ ಒಂದು ನಕಲಿಯಲ್ಲಿ ಯಾರೋ ತಮ್ಮ ಕ್ಯೂಆರ್ ಕೋಡ್ ಅಂಟಿಸಿ ಚಿಕಿತ್ಸೆಗೆಂದು ಹಣ ಕೇಳುತ್ತಿದ್ದಾರೆ, ಅದು ನಮ್ಮದಲ್ಲ. ಅದಕ್ಕೆ ಹಣ ಹಾಕಿದವರು ದಯವಿಟ್ಟು 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ಪೋಸ್ಟರ್ ನಿಮ್ಮ ಮೊಬೈಲಿನಲ್ಲಿದ್ದರೆ ಅಳಿಸಿಬಿಡಿ, ಅದನ್ನು ಕಳಿಸಿದವರಿಗೆ ಹುಡುಗ ಸಿಕ್ಕಿದ್ದಾನೆ ಎಂದು ತಿಳಿಸಿ.