ಸಲೆಂಟೊ ದ್ರಾಕ್ಷಿ ತೋಟ ತೋರಿಸದೆ ಹೆದ್ದಾರಿ ಅಂಗಡಿ ತೋರಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

ಸೆಪ್ಟೆಂಬರಿನಲ್ಲಿ ನಿಮ್ಮ ಇಟಲಿ ಪ್ರವಾಸಕ್ಕೆ ನಾನೂ ನನ್ನ ಮನೆಯವರೂ ಬಂದಿದ್ದೆವು. ರೋಮ್, ಫ್ಲಾರೆನ್ಸ್ ಬಗ್ಗೆ ತಕರಾರಿಲ್ಲ. ಅಷ್ಟು ದೂರದಲ್ಲಿ ಅನ್ನ ಸಾರು ಹಾಕಿದಿರಿ, ಸಂತೋಷ. ನನ್ನ ದೂರು ಒಂಬತ್ತನೇ ದಿನದ್ದು.

ಆ ದಿನಕ್ಕೆಂದೇ ತಲಾ 9,500 ರೂಪಾಯಿ ಜಾಸ್ತಿ ತೆಗೆದುಕೊಂಡಿರಿ. ನಿಮ್ಮ ಕಾರ್ಯಕ್ರಮದ ಹಾಳೆಯಲ್ಲಿ ಇದ್ದದ್ದು: ದಕ್ಷಿಣ ಇಟಲಿಯ ಸಲೆಂಟೊ ಸೀಮೆಯ ದ್ರಾಕ್ಷಿ ತೋಟದಲ್ಲಿ ಓಡಾಟ, ಅಲ್ಲೇ ನೆಗ್ರೋಅಮಾರೊ ಅನ್ನುವ ಅಲ್ಲಿನ ಕಪ್ಪು ದ್ರಾಕ್ಷಿಯ ವೈನಿನ ರುಚಿ, ಮನೆಗೆ ಒಯ್ಯಲು ತಲಾ ಒಂದು ‘ಸಲೆಂಟೊ ಐಜಿಪಿ’ ಬಾಟಲಿ. ಐಜಿಪಿ ಅಂದರೆ ವೈನ್ ಯಾವ ಸೀಮೆಯದ್ದು ಅಂತ ಹೇಳುವ ಕಾನೂನಿನ ಗುರುತು.

ನಾನು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವನು. ನಮ್ಮದು ಬೆಂಗಳೂರು ನೀಲಿ, ಕಲ್ಲುಕಂಬದ ಚಪ್ಪರ. ಸಲೆಂಟೊದ ಹಳೇ ತೋಟಗಳಲ್ಲಿ ಚಪ್ಪರವೇ ಇಲ್ಲ. ಬಳ್ಳಿಯನ್ನು ಸವರಿ ಸವರಿ ಕುಳ್ಳ ಗಿಡದ ಹಾಗೆ ನಿಲ್ಲಿಸುತ್ತಾರೆ. ಅದಕ್ಕೆ ಆಲ್ಬೆರೆಲ್ಲೊ ಅಂತಾರೆ, ಅಂದರೆ ಪುಟ್ಟ ಮರ. ಅದನ್ನು ಮುಟ್ಟಿ ನೋಡಬೇಕು ಅಂತಲೇ ದುಡ್ಡು ಕಟ್ಟಿದ್ದು. ವೈನ್ ಆಮೇಲಿನ ಮಾತು.

ಬ್ರಿಂಡಿಸಿ ದಾಟಿದ ಮೇಲೆ ಬಸ್ಸು ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯೊಂದರ ಮುಂದೆ ನಿಂತಿತು. ಬಾಗಿಲಿಗೆ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು ಇಳಿಬಿಟ್ಟಿದ್ದರು. ನಾನು ಮುಟ್ಟಿದ ದ್ರಾಕ್ಷಿ ಅದೊಂದೇ. ಪೇಪರ್ ಲೋಟದಲ್ಲಿ ಎರಡು ಗುಟುಕು ವೈನ್, ಕೈಗೊಂದು ಬಾಟಲಿ, ಇಪ್ಪತ್ತು ನಿಮಿಷಕ್ಕೆ ಮತ್ತೆ ಬಸ್ಸು. ಕೆಂಪು ಮಣ್ಣಿನ ತೋಟಗಳು ಕಿಟಕಿಯಾಚೆ ಓಡಿದವು, ಅಷ್ಟೇ.

ಬಾಟಲಿ ತಿರುಗಿಸಿ ನೋಡಿದರೆ ಬರೀ ‘ವೀನೊ ದಿತಾಲಿಯಾ’, ಇಟಲಿಯ ವೈನ್. ಸಲೆಂಟೊ ಅನ್ನುವ ಹೆಸರೇ ಇಲ್ಲ. ಕೇಳಿದ್ದಕ್ಕೆ ನಿಮ್ಮ ಟೂರ್ ಮ್ಯಾನೇಜರ್, “ಐಜಿಪಿ ಅಂದ್ರೆ ಕಂಪನಿ ಹೆಸರು ಸಾರ್, ಎಲ್ಲಾ ಒಂದೇ” ಅಂದರು.

ಒಂದೇ ಅಲ್ಲ. ಈ ಗುರುತಿಗೆ ಇಟಲಿ 1992ರಲ್ಲೇ ಐಜಿಟಿ ಅನ್ನುವ ಹೆಸರಲ್ಲಿ ಕಾನೂನು ಮಾಡಿದೆ. ಐರೋಪ್ಯ ಒಕ್ಕೂಟದ ಲೆಕ್ಕದಲ್ಲಿ ಅದೇ ಐಜಿಪಿ. ಆ ಹೆಸರು ಹಾಕಬೇಕಾದರೆ ಕಡಿಮೆಯೆಂದರೂ ನೂರಕ್ಕೆ 85 ಪಾಲು ದ್ರಾಕ್ಷಿ ಆ ಸೀಮೆಯದ್ದೇ ಆಗಿರಬೇಕು. ಸಲೆಂಟೊಗೆ ಲೆಚ್ಚೆ, ಬ್ರಿಂಡಿಸಿ, ಟರಾಂಟೊ ಜಿಲ್ಲೆಗಳು. ನೀವು ಕೊಟ್ಟ ಬಾಟಲಿಗೆ ಇಟಲಿಯ ಯಾವ ಮೂಲೆಯ ದ್ರಾಕ್ಷಿಯಾದರೂ ನಡೆಯುತ್ತದೆ. ನಮ್ಮ ಬೆಂಗಳೂರು ನೀಲಿಗೂ ಜಿಐ, ಅಂದರೆ ಇಂಥ ಊರಿನ ಬೆಳೆ ಅನ್ನುವ ಸರ್ಕಾರಿ ಗುರುತು, ಇದೆ. ಎಲ್ಲಿಂದಲೋ ತಂದ ಹಣ್ಣನ್ನು ಆ ಹೆಸರಲ್ಲಿ ಮಾರಿದರೆ ನಮಗೆ ಹೊಟ್ಟೆ ಉರಿಯಲ್ವಾ?

ಫೋನಿನಲ್ಲಿ ನಿಮ್ಮವರು ಕೊಟ್ಟ ಕಾರಣ, ಮಳೆ. ಅವತ್ತಿನ ಫೋಟೋಗಳನ್ನು ಜೊತೆಗಿಟ್ಟಿದ್ದೇನೆ. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ಮುಂದಿನ ಪ್ರವಾಸಕ್ಕೆ 2,000 ರೂಪಾಯಿ ರಿಯಾಯಿತಿ ಕೊಡ್ತೀವಿ ಅಂದಿರಿ. ಬೇಡ.

ಇಬ್ಬರ 19,000 ರೂಪಾಯಿ ಹದಿನೈದು ದಿನದೊಳಗೆ ವಾಪಸ್ ಕೊಡಿ. ತೋಟಕ್ಕೆ ಯಾಕೆ ಕರೆದುಕೊಂಡು ಹೋಗಲಿಲ್ಲ ಅಂತ ಬರಹದಲ್ಲೇ ತಿಳಿಸಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಾಟಲಿಗಳ ಮುಚ್ಚಳ ಇನ್ನೂ ತೆಗೆದಿಲ್ಲ. ನಿಮ್ಮ ಮ್ಯಾನೇಜರ್ ಬಂದು ಲೇಬಲ್ ಓದಿಕೊಂಡು ಹೋಗಬಹುದು.

ಇಂತಿ,
ನಿಮ್ಮ ಗ್ರಾಹಕ
ದೊಡ್ಡಬಳ್ಳಾಪುರ ತಾಲ್ಲೂಕು